ವಚನ ಗೋಷ್ಠಿಯಾಗ ಯೆಹೂದಿ ಗುರುಗಳ ಮಾತು ಹ್ಯಾಂಗ ತಗೋಬೇಕ್ರಿ?

ಬ್ರಹ್ಮಪುರ_ಓಣಿ:
ಶರಣು ಶರಣಾರ್ಥಿ. ಕಲಬುರಗಿಯಾಗ ನಮ್ಮ ವಾರದ ಗೋಷ್ಠಿಗೆ 30 ಮಂದಿ ಬರ್ತಾರ. ಮುಂದಿನ ವಾರ ಯೆಹೂದಿ ಪರಂಪರೆಯ ‘ಪಿರ್ಕೇ ಆವೋತ್’ (ಹಳೇ ಗುರುಗಳ ನೀತಿ ಮಾತಿನ ಪುಸ್ತಕ) ತಗೊಳ್ಳೋದಂತ ಆಗ್ಯದ. 40 ನಿಮಿಷ ಟೈಮ್. ಒಂದು ಅಧ್ಯಾಯ ಪೂರಾ ಓದಿಬಿಡ್ಲೇನ್ರಿ? ‘ಕಾಯಕವೇ ಕೈಲಾಸ’ಕ್ಕ ಜೋಡಿಸಿದ್ರ ಛಲೋ ಅಲ್ಲ?

ಶಹಾಪುರ_ಸೀಮಿ:
ಪೂರಾ ಅಧ್ಯಾಯ ಬ್ಯಾಡ್ರಿ. ಪಸ್ಕ ಹಬ್ಬ ಮುಗಿದ ಮ್ಯಾಲ ಯೆಹೂದಿಗಳೇ ಸಬ್ಬತ್ತಿಗೆ (ಅವರ ಶನಿವಾರದ ವಿಶ್ರಾಂತಿ ದಿನ) ಒಂದರಂತೆ ಅದರ 6 ಅಧ್ಯಾಯ ಓದ್ತಾರ. ನೀವು ಒಂದೇ ಮಾತು ಹಿಡೀರಿ. ಕಾಯಕದ ಕಡೆ ಒಲವಿದ್ರ 2ನೇ ಅಧ್ಯಾಯದ 2ನೇದು: ತೋರಾ (ಅವರ ಧರ್ಮಗ್ರಂಥ) ಅಧ್ಯಯನದ ಸಂಗಡ ದುಡಿಮಿ ಇದ್ರ ಚಂದ, ಎರಡರ ಶ್ರಮ ಪಾಪ ಮರಸ್ತದ, ದುಡಿಮಿ ಇಲ್ಲದ ತೋರಾ ಕಡೀಕ ಹಾಳಾಗ್ತದ.

ಮಾತು ಎರಡು ಸಲ ಗಟ್ಟಿಯಾಗಿ ಓದ್ರಿ, 5 ನಿಮಿಷ. ಆಮ್ಯಾಲ 20 ನಿಮಿಷ ‘ಹವ್ರೂತಾ’, ಅಂದ್ರ ಇಬ್ಬಿಬ್ಬರ ಜೋಡಿ. ಒಬ್ಬರು ಓದಿ ಅರ್ಥ ಹೇಳಬೇಕು, ಇನ್ನೊಬ್ಬರು ‘ಅದ್ಹ್ಯಾಂಗ?’ ಅಂತ ತಡೀಬೇಕು. ಹೂಂಗುಟ್ಟೋದಲ್ಲ. ಮೂವರನ್ನ ಕೂಡಿಸಿದ್ರ ಒಬ್ಬರು ಸುಮ್ನ ಕೂಡ್ತಾರ. ಬೆಸ ಬಂದ್ರ ನೀವೇ ಜೋಡಿ ಆಗ್ರಿ. 15 ಜೋಡಿ ಒಮ್ಮೆಲೇ ಮಾತಾಡಿದ್ರ ಗದ್ದಲ ಆಗೇ ಆಗ್ತದ, ಸುಮ್ಮನಿರ್ರಿ ಅನಬ್ಯಾಡ್ರಿ. ಅವರ ಅಧ್ಯಯನ ಮನಿನೂ ಹಂಗೇ ಗದ್ದಲದ್ದು. ಉಳಿದ 15 ನಿಮಿಷ ಎಲ್ಲಾರೂ ಕೂಡಿ.

ಬೀದರ್_ಕ್ವಾಟಿ:
ಕಾಯಕಕ್ಕ ಜೋಡಿಸೋದು ಸರಿ, ಆದ್ರ ‘ಎರಡೂ ಒಂದೇ’ ಅಂದ್ರ ಚರ್ಚೆ ಅಲ್ಲೇ ಮುಗೀತು. ಶರಣರಿಗೆ ಕಾಯಕವೇ ಪೂಜಿ. ಇಲ್ಲಿ ದುಡಿಮಿ ಅಧ್ಯಯನಕ್ಕ ಜೊತಿ, ಅದರ ಬದಲಿ ಅಲ್ಲ. ಈ ಫರಕಿನ ಮ್ಯಾಲೇ ಜೋಡಿಗಳನ್ನ ಹಚ್ಚರಿ.

ಹೇಳಿದವರ ಹೆಸರು ಬಿಡಬ್ಯಾಡ್ರಿ. ಹೇಳಿದವರ ಹೆಸರಲ್ಲೇ ಮಾತು ಹೇಳಿದವ ಲೋಕಕ್ಕ ಬಿಡುಗಡೆ ತರ್ತಾನ ಅಂತ 6ನೇ ಅಧ್ಯಾಯದಾಗೇ ಅದ. ದುಡಿಮಿಯ ಆ 2ನೇ ಅಧ್ಯಾಯದ ಮಾತು ಗುರು ಯೆಹೂದಾ ಹನಾಸಿಯ ಮಗ ರಬ್ಬಾನ್ (ಅಂದ್ರ ಗುರು) ಗಮ್ಲಿಯೇಲ್‌ದು. ಬೈಬಲ್ ಓದಿದವರು ಪೌಲನ ಗುರು ಗಮಲಿಯೇಲ ಅಂತ ತಿಳೀತಾರ. ಅಂವ ಬ್ಯಾರೆ, ಇವನಕಿಂತ ಹಿಂದಿನವ.

ಬ್ರಹ್ಮಪುರ_ಓಣಿ:
ಜೆರಾಕ್ಸ್ ಹಂಚಬೇಕಂತ ಅದ. ಮೂಲ ಹೀಬ್ರೂನೂ ಹಾಕ್ಲೇನ್ರಿ?

ಶಹಾಪುರ_ಸೀಮಿ:
ಈ ಮಾತಿಗೆ ಹಾಕಬಹುದು. ಆದ್ರ ತೋರಾದ ವಾಕ್ಯ ಸೇರಿಸೋದಾದ್ರ ದೇವರ 4 ಅಕ್ಷರದ ಹೀಬ್ರೂ ಹೆಸರು ಬರದಂಗ ನೋಡ್ರಿ. ಅದಿರೋ ಹಾಳಿ ಅವರು ಎಸಿಯಂಗಿಲ್ಲ, ಕೂಡಿಟ್ಟು ಹೂಳ್ತಾರ. ನಮ್ಮಲ್ಲಿ ಗೋಷ್ಠಿ ಮುಗಿದ ಕೂಡ್ಲೇ ಅದೇ ಹಾಳ್ಯಾಗ ಮಿರ್ಚಿ ಭಜಿ ಬರ್ತಾವ! ಅರ್ಧ ಹಾಳಿ ಸಾಕು, ಅಕ್ಷರ ದೊಡ್ಡವಿರಲಿ, ಹಿರೇರು ಇರ್ತಾರ. ಕೆಳಗ ಒಂದೇ ಪ್ರಶ್ನಿ: ‘ದುಡಿಮಿ ಒಂದೇ ಇದ್ರ ಯಾಕ ಸಾಲಂಗಿಲ್ಲ?’