ಎರಡು ದಿನ ನಿಲ್ಸಿದ್ರೆ ಬೈಕ್ ಬ್ಯಾಟರಿ ಖಾಲಿ, ಆದ್ರೆ ಚಾರ್ಜಿಂಗ್ ಸರಿಯಾಗೇ ಬರ್ತಿದೆ

ಪ್ರಶ್ನೆ: 150 ಸಿಸಿ ಬೈಕು, 7 ವರ್ಷ ಹಳೇದು. ಶುಕ್ರವಾರ ಸಂಜೆ ನಿಲ್ಸಿದ್ರೆ ಸೋಮವಾರ ಬೆಳಿಗ್ಗೆ ಸೆಲ್ಫ್ ಒತ್ತಿದಾಗ ಬರೀ ಟಕ್ ಟಕ್. ಕಿಕ್ ಹೊಡೆದ್ರೆ ಎದ್ದೇಳುತ್ತೆ. ದಿನಾ ಓಡಿಸ್ತಿದ್ರೆ ತೊಂದರೆನೇ ಇಲ್ಲ. 9 ಆಂಪ್-ಅವರ್ ಬ್ಯಾಟರಿ ಹಾಕಿಸಿ ಎರಡೇ ತಿಂಗಳು. ಗ್ಯಾರೇಜಿನವರು ಮತ್ತೆ ಅದನ್ನೇ ಬದಲಾಯಿಸಿ ಅಂತಿದಾರೆ. ಎಂಜಿನ್ ಓಡುವಾಗ ಟರ್ಮಿನಲ್‌ನಲ್ಲಿ 14.1 ವೋಲ್ಟ್ ಇದೆ. ಎಲ್ಲಿ ನೋಡ್ಲಿ?

ಉತ್ತರ: ಬ್ಯಾಟರಿಗೆ ಸದ್ಯ ದುಡ್ಡು ಹಾಕ್ಬೇಡಿ ಸರ್. ಕರೆಂಟ್ ಒಳಗೆ ಬರ್ತಿದೆ, ನಿಂತಾಗ ಎಲ್ಲೋ ಸೋರ್ತಿದೆ. ಕೀ ತೆಗೆದು, ನೆಗೆಟಿವ್ ವೈರ್ ಬಿಚ್ಚಿ, ವೈರಿಗೂ ಟರ್ಮಿನಲ್ಲಿಗೂ ನಡುವೆ ಮಲ್ಟಿಮೀಟರ್ ಹಿಡೀರಿ. ಮೀಟರಿನ 10 ಆಂಪ್ ರೇಂಜಿನಿಂದ ಶುರು ಮಾಡಿ. ಆಗ ಅಪ್ಪಿತಪ್ಪಿಯೂ ಸೆಲ್ಫ್ ಒತ್ಬೇಡಿ, ಮೀಟರಿನ ಫ್ಯೂಸ್ ಹಾರುತ್ತೆ (ನಂದು ಎರಡು ಸಲ ಹಾರಿದೆ). ಒಂದೆರಡು ಮಿಲಿಆಂಪ್ ಬಂದ್ರೆ ಸಹಜ.

ಕೇಳಿದವರು: 120 ಮಿಲಿಆಂಪ್! ಹ್ಯಾಂಡಲಿನ ಮೊಬೈಲ್ ಚಾರ್ಜರ್ ಮೇಲೆ ಅನುಮಾನ ಇತ್ತು. ಕಿತ್ತೆ, 117ಕ್ಕೆ ಇಳೀತು ಅಷ್ಟೇ. ಫ್ಯೂಸ್ ಒಂದೊಂದಾಗಿ ತೆಗೆಯೋಣ ಅಂದ್ರೆ ಈ ಗಾಡಿಗೆ ಇರೋದೇ ಒಂದು.

ಉತ್ತರ: 120 ಮಿಲಿಆಂಪ್ ಅಂದ್ರೆ ಶುಕ್ರವಾರ ಸಂಜೆಯಿಂದ ಸೋಮವಾರ ಬೆಳಿಗ್ಗೆವರೆಗಿನ 60 ಗಂಟೆಗೆ 7.2 ಆಂಪ್-ಅವರ್ ಆಯ್ತು. 9ರಲ್ಲಿ ಇನ್ನೇನು ಉಳೀತು ಹೇಳಿ.

ಇನ್ನೊಬ್ಬರು: ರೆಕ್ಟಿಫೈಯರ್ ಕಪ್ಲರ್ (ಅದರ ವೈರುಗಳು ಸೇರೋ ಪ್ಲಗ್) ಬಿಚ್ಚಿ ಮೀಟರ್ ನೋಡಿ. ಎಂಜಿನ್ ಓಡುವಾಗ ಕರೆಂಟ್ ಹುಟ್ಟಿಸೋ ಕಾಯಿಲಿಂದ ಬರೋ ಎಸಿಯನ್ನ ಡಿಸಿ ಮಾಡೋ, ರೆಕ್ಟಿಫೈಯರ್ ಒಳಗಿನ ಡಯೋಡುಗಳು ಕರೆಂಟನ್ನ ಒಂದೇ ದಿಕ್ಕಿಗೆ ಬಿಡ್ಬೇಕು. ಬಿಸಿ ತಿಂದು ತಿಂದು ಸೋತ ಡಯೋಡು ಹಿಂದಕ್ಕೂ ಚೂರು ಬಿಡುತ್ತೆ. ಎಂಜಿನ್ ನಿಂತ ಮೇಲೆ ಬ್ಯಾಟರಿ ಆ ದಾರೀಲೇ ಖಾಲಿ. ಇಷ್ಟು ಸಣ್ಣ ಸೋರಿಕೆ ಗಾಡಿ ಓಡುವಾಗ ವೋಲ್ಟಲ್ಲಿ ಕಾಣಲ್ಲ. 14.1 ನೋಡಿ ರೆಕ್ಟಿಫೈಯರನ್ನ ಖುಲಾಸೆ ಮಾಡಿಬಿಡ್ತೀವಿ, ಅಲ್ಲೇ ಎಡವೋದು.

ಕೇಳಿದವರು: ಕಪ್ಲರ್ ಎಳೀತಿದ್ದ ಹಾಗೆ 0.4 ಮಿಲಿಆಂಪ್! ಕಾಯಿಲಿಂದ ಬರೋ ಮೂರು ಹಳದಿ ವೈರಲ್ಲಿ ಒಂದರ ಪಿನ್ ಕಂದಾಗಿ, ಸುತ್ತ ಪ್ಲಾಸ್ಟಿಕ್ ಕರಗಿದೆ. ಕಾಯಿಲೂ ಹೋಗಿರ್ಬಹುದಾ?

ಇನ್ನೊಬ್ಬರು: ಹಳದಿ ವೈರಿಗೂ ಬಾಡಿಗೂ ಕಂಟಿನ್ಯೂಟಿ (ಕರೆಂಟ್ ಹರಿಯೋ ಸಂಪರ್ಕ) ಇರ್ಬಾರದು. ಆಮೇಲೆ ಬ್ಯಾಟರಿ ವೈರ್ ವಾಪಸ್ ಹಾಕಿ, ಎಂಜಿನ್ ಓಡಿಸಿ, ಎರಡೆರಡು ಹಳದಿಯ ನಡುವೆ ಎಸಿ ವೋಲ್ಟ್ ಅಳೀರಿ. ಮೂರೂ ಜೋಡಿ ಹೆಚ್ಚುಕಡಿಮೆ ಸಮ ಬಂದ್ರೆ ಕಾಯಿಲ್ ಉಳೀತು. ಪಿನ್ ಕೈಗೆ ತಾಗಿಸ್ಬೇಡಿ, ಶಾಕ್ ಹೊಡೆಯುತ್ತೆ. ಆ ಕಪ್ಲರನ್ನಂತೂ ಬದಲಾಯಿಸ್ಲೇಬೇಕು.

ಕೇಳಿದವರು: ಮೂರೂ ಸಮ ಬಂತು, ಬಾಡಿಗೆ ಎಲ್ಲೂ ತಾಗಿಲ್ಲ. ರೆಕ್ಟಿಫೈಯರ್, ಕಪ್ಲರ್ ಎರಡೂ ಹೊಸದು ಹಾಕಿ, ಬ್ಯಾಟರಿನ 0.9 ಆಂಪಲ್ಲಿ ರಾತ್ರಿಯಿಡೀ ಚಾರ್ಜಿಗೆ ಇಟ್ಟೆ. ಶುಕ್ರವಾರ ನಿಲ್ಸಿದ್ದು; ಇವತ್ತು ಸೋಮವಾರ ಬೆಳಿಗ್ಗೆ 12.6 ವೋಲ್ಟ್, ಒಂದೇ ಸೆಲ್ಫಿಗೆ ಸ್ಟಾರ್ಟ್.