ಗಾಂಜಾ ಅಂಗಡಿ: ಸರ್ಕಾರಿ ಕೆಲಸವಾ, ಖಾಸಗಿ ಪಾಲುದಾರಿಕೆಯಾ? ಕೆನಡಾದಲ್ಲಿ ಅನುಭವ ಇರುವವರು ಹೇಳಿ

ಒಟ್ಟಾವಾ ಮಲೆನಾಡಿಗ:
ಎಲ್ಲರಿಗೂ ನಮಸ್ಕಾರ. ಹೆಂಡತಿಗೆ ನ್ಯೂ ಬ್ರನ್ಸ್‌ವಿಕ್‌ನ ಮಾಂಕ್ಟನ್‌ನಲ್ಲಿ ಕೆಲಸ ಸಿಕ್ಕಿದೆ. ಅಲ್ಲಿಗೆ ಹೋದರೆ ನಾನು ಪ್ರಾಂತ್ಯ ಸರ್ಕಾರದ ಗಾಂಜಾ ಅಂಗಡಿಯಲ್ಲಿ ಕೆಲಸಕ್ಕೆ ಅರ್ಜಿ ಹಾಕಬಹುದು. ಇತ್ತ ಒಟ್ಟಾವಾದಲ್ಲಿ ಗೆಳೆಯನೊಬ್ಬ ತನ್ನ ಖಾಸಗಿ ಅಂಗಡಿಯಲ್ಲಿ ಮೂರನೇ ಒಂದು ಪಾಲು ಕೊಡುತ್ತೇನೆ, 80,000 ಡಾಲರ್ ಹಾಕು ಅನ್ನುತ್ತಿದ್ದಾನೆ. ಅಂಗಡಿಯ ಬಾಡಿಗೆ ಕರಾರು ಇನ್ನೂ ಮೂರು ವರ್ಷ ಇದೆ. ಅದೇ ರಸ್ತೆಯಲ್ಲಿ ಬೇರೆ ಎರಡು ಅಂಗಡಿ ಇವೆ. ಮಗಳು ಚಿಕ್ಕವಳು, ರಾತ್ರಿ ಪಾಳಿ ಕಷ್ಟ. ಪಾಲುದಾರಿಕೆ ಪತ್ರದಲ್ಲಿ ಮುಖ್ಯವಾಗಿ ಏನು ನೋಡಬೇಕು? ಸರ್ಕಾರಿ ಕೆಲಸ ನಂಬಬಹುದಾ? ಗೊತ್ತಿರುವವರು ದಯವಿಟ್ಟು ತಿಳಿಸಿ.

ಬ್ರಾಂಪ್ಟನ್ ಗೌಡ:
ತಮ್ಮಾ, ದುಡ್ಡು ಹಾಕಬೇಡ. ನನ್ನ ಕಥೆ ಕೇಳು.

2020ರ ಶುರುವಿನಲ್ಲಿ ಒಂಟಾರಿಯೊ ಸರ್ಕಾರ ಅಂಗಡಿ ಯಾರಿಗೆ ಅಂತ ಚೀಟಿ ಎತ್ತುವ ಲಾಟರಿ ತೆಗೆದುಹಾಕಿತು, ಅಂಗಡಿಗಳ ಮಿತಿಯನ್ನೂ ತೆಗೆಯಿತು. 2019ರಲ್ಲಿ ಮೊದಲ ಲಾಟರಿ ಎತ್ತಿದಾಗ ಇಡೀ ಪ್ರಾಂತ್ಯಕ್ಕೆ 25 ಅಂಗಡಿ. ಆಗ ಗೆದ್ದವರು ಚಿನ್ನ ಹೊಡೆದರು. ನಾವು ಬಾಗಿಲು ತೆಗೆದಾಗ ಎಲ್ಲರೂ ಒಟ್ಟಿಗೆ ನುಗ್ಗಿದರು. ನಡೆಸುವವರ ಲೈಸೆನ್ಸಿಗೆ 6,000, ಅಂಗಡಿ ಪರವಾನಗಿಗೆ 4,000. ಇದು ಎಲ್ಲರಿಗೂ ಗೊತ್ತು. ಯಾರೂ ಹೇಳದೇ ಇರುವುದು ಇದರ ಮುಂದಿನ ಲೆಕ್ಕ. ಪರವಾನಗಿಗೆ ಅರ್ಜಿ ಹಾಕುವ ಮೊದಲೇ ಜಾಗ ಕೈಯಲ್ಲಿ ಇರಬೇಕು. ಅಂದರೆ ಬಾಡಿಗೆ ಓಡುತ್ತಿರುತ್ತದೆ, ಅಂಗಡಿ ಮುಚ್ಚಿರುತ್ತದೆ. ನನ್ನದು ತಿಂಗಳಿಗೆ 6,200, ಮೇಲೆ ಟಿಎಂಐ (ಕಟ್ಟಡದ ತೆರಿಗೆ, ನಿರ್ವಹಣೆ, ವಿಮೆಯ ಪಾಲು) 2,100, ಅದರ ಮೇಲೆ ಎಚ್‌ಎಸ್‌ಟಿ ಅನ್ನುವ ಮಾರಾಟ ತೆರಿಗೆ ಶೇಕಡಾ 13. ಕಟ್ಟಡದ ಮಾಲೀಕ ಗಾಂಜಾ ಅಂಗಡಿ ಅಂದ ಕೂಡಲೇ ದರ ಏರಿಸಿದ. ಐದು ವರ್ಷದ ಕರಾರಿಗೆ ವೈಯಕ್ತಿಕ ಜಾಮೀನೂ ಬರೆಸಿಕೊಂಡ.

ಕ್ಯಾಮೆರಾ ಮತ್ತು ಅಲಾರಂಗೆ 19,400. ಮಾಲು ಇಡುವ ಕೋಣೆಗೆ ಉಕ್ಕಿನ ಬಾಗಿಲು, ಗೋಡೆಯೊಳಗೆ ಜಾಲರಿ: 11,000. ಒಳಗಿನ ಸರಕು ಮಕ್ಕಳ ಕಣ್ಣಿಗೆ ಬೀಳಬಾರದು ಅಂತ ಗಾಜಿಗೆ ಪೂರ್ತಿ ಮಸುಕು ಹಾಳೆ: 3,800. ಮರಗೆಲಸ, ದೀಪ, ಕೌಂಟರ್ ಎಲ್ಲ ಸೇರಿ 1,32,000. ವಿಮೆ ಮೊದಲ ವರ್ಷ 9,600. ನಾನು ಖಾತೆ ಇಟ್ಟಿದ್ದ ಬ್ಯಾಂಕು ಈ ವ್ಯಾಪಾರ ನಮಗೆ ಬೇಡ ಅಂತ ಖಾತೆ ಮುಚ್ಚಿತು. ಕೊನೆಗೆ ಒಂದು ಕ್ರೆಡಿಟ್ ಯೂನಿಯನ್ ಒಪ್ಪಿತು, ತಿಂಗಳಿಗೆ 400 ಡಾಲರ್ ಬರೀ ಶುಲ್ಕ.

ಆಮೇಲೆ ಎದುರು ರಸ್ತೆಗೆ ದೊಡ್ಡ ಸರಣಿ ಅಂಗಡಿಯೊಂದು ಬಂತು. 28 ಗ್ರಾಂ ಪ್ಯಾಕೆಟ್ಟನ್ನು ನನ್ನ ಖರೀದಿ ಬೆಲೆಗಿಂತ ಬರೀ ಎರಡು ಡಾಲರ್ ಮೇಲಿಟ್ಟು ಮಾರಿದರು. ಅವರಿಗೆ ಹತ್ತಾರು ಅಂಗಡಿ, ನಷ್ಟ ಹಂಚಿಹೋಗುತ್ತದೆ. ನನಗೆ ಒಂದೇ. 2023ರಲ್ಲಿ ಬಾಗಿಲು ಹಾಕಿದೆ. ಕರಾರು ಬಿಡಿಸಿಕೊಳ್ಳಲು ಮಾಲೀಕನಿಗೆ ಇನ್ನೂ 38,000 ಕಟ್ಟಿದ್ದೇನೆ.

ಮಾಂಟ್ರಿಯಲ್ ಸುಮಾ:
ಗೌಡ್ರೇ, ಓದಿ ನಿಜಕ್ಕೂ ಬೇಜಾರಾಯಿತು. ಆದರೆ ನಾನು ಮೊದಲಿನಿಂದ ಹೇಳುತ್ತಿರುವುದೂ ಇದನ್ನೇ. ಇದು ಸರ್ಕಾರವೇ ಮಾರಬೇಕಾದ ಸರಕು. ಕ್ವಿಬೆಕ್‌ನಲ್ಲಿ ಖಾಸಗಿ ಅಂಗಡಿಯೇ ಇಲ್ಲ. ನಾನು ಸರ್ಕಾರಿ ಅಂಗಡಿಯಲ್ಲಿ ಕೆಲಸಕ್ಕೆ ಸೇರಿ ವರ್ಷಗಳಾದವು. ನನಗೆ ಇಷ್ಟು ಮಾರಬೇಕು ಅನ್ನುವ ಗುರಿ ಇಲ್ಲ, ಕಮಿಷನ್ ಇಲ್ಲ. ಮೊದಲ ಸಲ ಬಂದವರು ಅತಿ ಜೋರಿನದ್ದು ಕೊಡಿ ಅಂದರೆ ಬೇಡ, ಅಮಲು ತರುವ ಟಿಎಚ್‌ಸಿ ಅಂಶ ಕಡಿಮೆ ಇರುವುದರಿಂದ ಶುರು ಮಾಡಿ ಅಂತ ಧೈರ್ಯವಾಗಿ ಹೇಳುತ್ತೇನೆ. ಅದರಿಂದ ನನ್ನ ಸಂಬಳ ಒಂದು ಸೆಂಟೂ ಕಡಿಮೆ ಆಗುವುದಿಲ್ಲ. ಖಾಸಗಿ ಅಂಗಡಿಯವರು ಇದನ್ನು ಹೇಳುತ್ತಾರಾ?

ನಮ್ಮಲ್ಲಿ 2020ರಿಂದ 21 ವರ್ಷ ತುಂಬಿದವರಿಗೆ ಮಾತ್ರ ಮಾರಾಟ. ಮಿಠಾಯಿ, ಚಾಕೊಲೇಟ್ ರೂಪದಲ್ಲಿ ಮಾರುವ ಹಾಗಿಲ್ಲ. ಲಾಭ ಸರ್ಕಾರದ ಬೊಕ್ಕಸಕ್ಕೆ, ಅಲ್ಲಿಂದ ತಡೆಗಟ್ಟುವ ಕಾರ್ಯಕ್ರಮಗಳಿಗೆ ಹೋಗುತ್ತದೆ. ಶಾಲೆಗೆ ಹೋಗುವ ಇಬ್ಬರು ಮಕ್ಕಳ ತಾಯಿ ನಾನು. ಈ ಕೆಲಸ ಮಾಡಿ ರಾತ್ರಿ ನೆಮ್ಮದಿಯಾಗಿ ಮಲಗುತ್ತೇನೆ. ಫ್ರೆಂಚ್ ಕಲಿಯಲು ಮಾತ್ರ ಬಹಳ ಒದ್ದಾಡಿದೆ. ಸಂಜೆ ತರಗತಿ, ಮಗುವನ್ನು ನೋಡಿಕೊಳ್ಳಲು ಗಂಟೆಗೆ 15 ಡಾಲರ್, ಚಳಿಯಲ್ಲಿ ಬಸ್ಸು. ಆ ಖರ್ಚು ಯಾರೂ ವಾಪಸ್ ಕೊಡಲಿಲ್ಲ.

ಕ್ಯಾಲ್ಗರಿ ಕಾರ್ತಿಕ್:
ಸುಮಾ ಮೇಡಂ, ಖಾಸಗಿಯವರು ಹೇಳುತ್ತಾರಾ ಅಂತ ಕೇಳಿದಿರಿ. ನಾನು ದಿನಾ ಹೇಳುತ್ತೇನೆ. ಕೌಂಟರಿನ ಹಿಂದೆ ನಿಂತು ಮಾರುವವನು ಮಾಲೀಕನೇ ಆದಾಗ ಗಿರಾಕಿ ಮತ್ತೆ ಬರುವುದು ಮುಖ್ಯ, ಅವತ್ತಿನ ಬಿಲ್ಲಲ್ಲ. 2018ರ ಅಕ್ಟೋಬರ್ 17ಕ್ಕೆ ಗಾಂಜಾ ಕಾನೂನುಬದ್ಧವಾಯಿತು. ಎರಡೇ ವಾರದಲ್ಲಿ ನಿಮ್ಮ ಸರ್ಕಾರಿ ಅಂಗಡಿಗಳು ಮಾಲಿಲ್ಲ ಅಂತ ಸೋಮವಾರದಿಂದ ಬುಧವಾರದವರೆಗೆ ಬಾಗಿಲು ಹಾಕಿದ್ದು ಮರೆತಿರಾ? 2022ರ ಮುಷ್ಕರದಲ್ಲಿ ಎಷ್ಟು ಅಂಗಡಿಗೆ ತೊಂದರೆ ಆಯಿತು ಅಂತಲೂ ಸ್ವಲ್ಪ ಬರೆಯಿರಿ.

ನನ್ನ ವಿಷಯಕ್ಕೆ ಬರುತ್ತೇನೆ. ಆಲ್ಬರ್ಟಾದಲ್ಲಿ ಅಂಗಡಿಗಳೆಲ್ಲ ಮೊದಲಿನಿಂದಲೂ ಖಾಸಗಿ. 2018ರ ನವೆಂಬರ್‌ನಲ್ಲಿ ಮಾಲಿನ ಕೊರತೆ ಅಂತ ಹೊಸ ಲೈಸೆನ್ಸ್ ನಿಲ್ಲಿಸಿದರು. ಮತ್ತೆ ಕೊಡಲು ಶುರು ಮಾಡಿದ್ದು ಮುಂದಿನ ಮೇ ತಿಂಗಳಲ್ಲಿ. ಅಷ್ಟೂ ಕಾಲ ಖಾಲಿ ಅಂಗಡಿಗೆ ತಿಂಗಳಿಗೆ 4,900 ಕಟ್ಟಿದೆ. ಮಾವ ಊರಿನ ಸೈಟು ಮಾರಿ ಕಳಿಸಿದ ದುಡ್ಡು ಅದರಲ್ಲೇ ಹೋಯಿತು. ನಾನು ಹಗಲು ಟ್ರಕ್ ಓಡಿಸಿದೆ, ಹೆಂಡತಿ ಗೋದಾಮಿನಲ್ಲಿ ಕೆಲಸ ಮಾಡಿದಳು. ಆದರೂ ಬಿಡಲಿಲ್ಲ. ಇವತ್ತು ಅಂಗಡಿ ಸಾಲ ತೀರಿದೆ.

ಉಳಿದದ್ದು ಹೇಗೆ ಗೊತ್ತಾ? ಡಬ್ಬಿಯ ಮೇಲೆ ಪ್ಯಾಕ್ ಆದ ದಿನಾಂಕ ಇರುತ್ತದೆ. ಹೂವು ಹಳೆಯದಾದರೆ ಒಣಗಿ ಪುಡಿಯಾಗುತ್ತದೆ, ಒಳಗೆ ತೇವದ ಚೀಟಿ ಇದ್ದರೂ ಅಷ್ಟೇ. ನಾನು ಪ್ರತಿ ಪೆಟ್ಟಿಗೆ ಬಿಚ್ಚಿದಾಗಲೂ ದಿನಾಂಕ ನೋಡಿ ಹಳೆಯದನ್ನು ಮುಂದಕ್ಕೆ, ಹೊಸದನ್ನು ಹಿಂದಕ್ಕೆ ಜೋಡಿಸುತ್ತೇನೆ. ನಾಲ್ಕು ತಿಂಗಳು ದಾಟಿದ್ದನ್ನು ನಷ್ಟಕ್ಕೆ ಮಾರಿ ಕೈತೊಳೆದುಕೊಳ್ಳುತ್ತೇನೆ. ಜಾಗಕ್ಕಿಂತ ಜಾಸ್ತಿ ತರಿಸುವುದಿಲ್ಲ. ಗೌಡ್ರು ಕೌಂಟರ್, ದೀಪ, ಮರಗೆಲಸಕ್ಕೆ 1,32,000 ಸುರಿದಿದ್ದಾರೆ. ನನ್ನದು 27,000ದಲ್ಲಿ ಮುಗಿಯಿತು. ಗಿರಾಕಿ ದೀಪ ನೋಡಿ ಬರುವುದಿಲ್ಲ.

ಬ್ರಾಂಪ್ಟನ್ ಗೌಡ:
ಕಾರ್ತಿಕ್, ನೀನು ಕ್ಯಾಲ್ಗರಿಯ ಬಾಡಿಗೆ ಕೊಟ್ಟು ಬ್ರಾಂಪ್ಟನ್ನಿಗೆ ಬುದ್ಧಿ ಹೇಳಬೇಡ. ಸರಣಿ ಅಂಗಡಿ ಪಕ್ಕದಲ್ಲಿ ಬಂದು ಕೂತಾಗ ದಿನಾಂಕ ಜೋಡಿಸಿಕೊಂಡು ಕೂತರೆ ಹೊಟ್ಟೆ ತುಂಬಲ್ಲ. ಒಂಟಾರಿಯೊದಲ್ಲಿ ಒಂದು ಕಂಪನಿಗೆ 75 ಅಂಗಡಿ ಅಂತ ಮಿತಿ ಇತ್ತು, 2024ರಿಂದ ಅದನ್ನೂ 150 ಮಾಡಿದರು. ಒಂದಂಗಡಿಯವನು ಯಾರ ಜೊತೆ ಪೈಪೋಟಿ ಮಾಡಬೇಕು?

ಇನ್ನೊಂದು ಮಾತು. ಇಲ್ಲಿ ಖಾಸಗಿ ಅಂತ ಕರೆಯುವುದೇ ಸುಳ್ಳು. ಸಗಟು ಮಾಲು ಸರ್ಕಾರದ ಹತ್ತಿರವೇ ಕೊಳ್ಳಬೇಕು, ಬೇರೆ ದಾರಿ ಇಲ್ಲ. ಅದೇ ಸರ್ಕಾರ ಆನ್‌ಲೈನಿನಲ್ಲಿ ನೇರವಾಗಿ ನಮ್ಮ ಗಿರಾಕಿಗೂ ಮಾರುತ್ತದೆ. ಅವರ ಪಾಲು ಮೊದಲೇ ಕೈಸೇರುತ್ತದೆ. ಬಾಡಿಗೆ, ಕಳ್ಳತನ, ಒಣಗಿದ ಮಾಲು, ಎಲ್ಲ ನಮ್ಮ ತಲೆಗೆ.

ಸಾಸ್ಕಟೂನ್ ರಾಘು:
ಗೌಡ್ರು ಹೇಳಿದ ಕೊನೇ ಮಾತು ನೂರಕ್ಕೆ ನೂರು ಸತ್ಯ. ಪೂರ್ತಿ ಖಾಸಗಿ ನೋಡಬೇಕಾದರೆ ನಮ್ಮ ಸಾಸ್ಕಾಚೆವನ್‌ಗೆ ಬನ್ನಿ. ಇಲ್ಲಿ ಸಗಟೂ ಖಾಸಗಿ, ಚಿಲ್ಲರೆಯೂ ಖಾಸಗಿ. ಬೆಳೆಗಾರರ ಜೊತೆ ನಾವೇ ಚೌಕಾಸಿ ಮಾಡುತ್ತೇವೆ. ಮೊದಲು ಪ್ರಾಂತ್ಯಕ್ಕೆಲ್ಲ 51 ಪರ್ಮಿಟ್ ಅಷ್ಟೇ ಇತ್ತು, 2020ರ ಸೆಪ್ಟೆಂಬರ್‌ನಲ್ಲಿ ಆ ಮಿತಿ ತೆಗೆದರು. ನಾನು ಆಮೇಲೆ ಬಂದವನು. ಲಾಭ ಕಡಿಮೆ ಇರಬಹುದು, ಆದರೆ ಬೆಲೆ ನನ್ನ ಕೈಯಲ್ಲಿದೆ.

ಮಲೆನಾಡಿಗರೇ, ಸರ್ಕಾರಿ ಕೆಲಸ ಭದ್ರ ಅಂದುಕೊಳ್ಳಬೇಡಿ. ನ್ಯೂ ಬ್ರನ್ಸ್‌ವಿಕ್ ಸರ್ಕಾರ ಮೊದಲು ನಷ್ಟ ಮಾಡಿಕೊಂಡು 2019ರಲ್ಲಿ ಅಂಗಡಿಗಳನ್ನೆಲ್ಲ ಖಾಸಗಿಯವರಿಗೆ ವಹಿಸಲು ಟೆಂಡರ್ ಕರೆದಿತ್ತು. ಲಾಭ ಬರಲು ಶುರುವಾದ ಮೇಲೆ 2021ರಲ್ಲಿ ಬೇಡ ಅಂತ ಕೈಬಿಟ್ಟಿತು. ಅಷ್ಟು ಕಾಲ ಅಲ್ಲಿ ಕೆಲಸ ಮಾಡುತ್ತಿದ್ದವರ ಗತಿ ಯೋಚಿಸಿ.

ಮಾಂಟ್ರಿಯಲ್ ಸುಮಾ:
ಕೊನೆಗೆ ಸರ್ಕಾರವೇ ಇಟ್ಟುಕೊಂಡಿತಲ್ಲ ರಾಘು ಅವರೇ? ಅರ್ಧ ಕಥೆ ಹೇಳಿ ಹೆದರಿಸಬೇಡಿ. ಕಾರ್ತಿಕ್ ಅವರೇ, ಮುಷ್ಕರ ಆಯಿತು, ಹೌದು. ಸಂಬಳಕ್ಕಾಗಿ ಸಂಘ ಕಟ್ಟಿ ಕೇಳುವ ಹಕ್ಕು ನಮಗಿದೆ. ನಿಮ್ಮ ಅಂಗಡಿಯ ಹುಡುಗರಿಗೆ ಗಂಟೆಗೆ ಎಷ್ಟು ಕೊಡುತ್ತೀರಿ? ಅದನ್ನು ಬರೆಯಿರಿ ನೋಡೋಣ.

ಕ್ಯಾಲ್ಗರಿ ಕಾರ್ತಿಕ್:
ಆಲ್ಬರ್ಟಾದ ಕನಿಷ್ಠ ಕೂಲಿ 15 ಡಾಲರ್. ನಾನು 17.50 ಕೊಡುತ್ತೇನೆ. ನನಗೆ ನಾನು ಕೊಟ್ಟುಕೊಳ್ಳುವುದು ಅದಕ್ಕಿಂತ ಕಡಿಮೆ. ಸಂಘದವರು ಇದನ್ನೂ ಬರೆದುಕೊಳ್ಳಲಿ.

ವಿಕ್ಟೋರಿಯಾ ಪದ್ಮಾ:
ನಾನು ಅಂಗಡಿಯವಳಲ್ಲ, ಗಿರಾಕಿ. ವಯಸ್ಸು 67. ಮಂಡಿನೋವಿಗೆ ಸಿಬಿಡಿ (ಗಾಂಜಾದ ಅಮಲು ತರದ ಅಂಶ) ಎಣ್ಣೆ ತೆಗೆದುಕೊಳ್ಳುತ್ತೇನೆ, ಡಾಕ್ಟರಿಗೆ ತಿಳಿಸಿಯೇ. ನಮ್ಮ ಬ್ರಿಟಿಷ್ ಕೊಲಂಬಿಯಾದಲ್ಲಿ ಎರಡೂ ಇವೆ, ಸರ್ಕಾರಿಯೂ ಖಾಸಗಿಯೂ. ನಾನು ಎರಡಕ್ಕೂ ಹೋಗಿದ್ದೇನೆ. ನೀವೆಲ್ಲ ಬಾಡಿಗೆ, ಸಂಬಳ ಅಂತ ಕಿತ್ತಾಡುತ್ತಿದ್ದೀರಿ. ಕೊಳ್ಳುವವರ ಮಾತು ಒಬ್ಬರೂ ಆಡಲಿಲ್ಲ.

2022ರ ಆಗಸ್ಟ್‌ನಲ್ಲಿ ಸರ್ಕಾರಿ ಗೋದಾಮಿನ ನೌಕರರು ಮುಷ್ಕರ ಹೂಡಿದರು. ಸಗಟು ಒಂದೇ ಕಡೆಯಿಂದ ಬರಬೇಕಲ್ಲ, ಖಾಸಗಿ ಅಂಗಡಿಗಳ ಕಪಾಟುಗಳೂ ಬರಿದಾದವು. ನನ್ನ ಎಣ್ಣೆ ಎಲ್ಲಿಯೂ ಇಲ್ಲ. ಒಂದು ಖಾಸಗಿ ಅಂಗಡಿಯ ಹುಡುಗಿ ತಾನೇ ಫೋನ್ ಮಾಡಿ, ನಾನೈಮೊದ ಅಂಗಡಿಯೊಂದರಲ್ಲಿ ಎರಡು ಬಾಟಲಿ ಉಳಿದಿದೆ ಅಂತ ಹೇಳಿದಳು. ಮಗ ಕಾರಿನಲ್ಲಿ ಕರೆದುಕೊಂಡು ಹೋದ. ಎಣ್ಣೆಗೆ 44, ಪೆಟ್ರೋಲಿಗೆ 50ರ ಮೇಲೆ. ಬೆಲೆ ಮಾತ್ರ ಎರಡೂ ಕಡೆ ಹೆಚ್ಚುಕಮ್ಮಿ ಒಂದೇ.

ನೋವು ತಿನ್ನುವ ಜನ:
ನಾಚಿಕೆ ಆಗಬೇಕು ಎಲ್ಲರಿಗೂ. ಇಷ್ಟು ದೂರ ಬಂದು, ಮಕ್ಕಳನ್ನು ಓದಿಸುತ್ತಾ, ಸೊಪ್ಪು ಮಾರಿ ಬದುಕಬೇಕಾ? ಸರ್ಕಾರ ಮಾರಿದರೂ ಖಾಸಗಿ ಮಾರಿದರೂ ವಿಷ ವಿಷವೇ. ನನ್ನ ತಂಗಿಯ ಮಗ ಓದು ಬಿಟ್ಟು ಮನೆಯಲ್ಲಿ ಕೂತಿದ್ದಾನೆ. ಅವನಿಗೆ ಮಾರಿದವರೂ ಹೀಗೇ ಲೆಕ್ಕ ಹಾಕಿರುತ್ತಾರೆ.

ಮಾಂಟ್ರಿಯಲ್ ಸುಮಾ:
ನಿಮ್ಮ ನೋವು ಅರ್ಥವಾಗುತ್ತದೆ. ಆದರೆ ಆ ಹುಡುಗನ ವಯಸ್ಸೆಷ್ಟು? ಗುರುತಿನ ಚೀಟಿ ನೋಡದೆ ಮಾರಿದ್ದು ಯಾವ ಅಂಗಡಿ? ಕಳ್ಳದಂಧೆಯವರು ವಯಸ್ಸು ಕೇಳುವುದಿಲ್ಲ. ನಾವು ಬಾಗಿಲಲ್ಲೇ ಕೇಳುತ್ತೇವೆ.

ನೋವು ತಿನ್ನುವ ಜನ:
ಹತ್ತೊಂಬತ್ತು. ಒಂಟಾರಿಯೊದಲ್ಲಿ ಅದು ಕಾನೂನುಬದ್ಧ ವಯಸ್ಸು. ಲೈಸೆನ್ಸ್ ಇದ್ದ ಅಂಗಡಿಯಲ್ಲೇ ಕೊಂಡ. ಈಗ ಏನು ಹೇಳುತ್ತೀರಿ?

ಬ್ರಾಂಪ್ಟನ್ ಗೌಡ:
ಅಮ್ಮಾ, ಊರಲ್ಲಿ ನಿಮ್ಮ ಬೀದಿಯಲ್ಲೇ ವೈನ್ ಶಾಪ್ ಇದೆ. ಅದರ ಮಾಲೀಕ ಮದುವೆಗೆ ಬಂದರೆ ಮುಂದಿನ ಸಾಲಿನಲ್ಲಿ ಕೂರಿಸುತ್ತೀರಿ. ನಮಗೆ ಮಾತ್ರ ನಾಚಿಕೆ ಯಾಕೆ? ನಾನು ತೆರಿಗೆ ಕಟ್ಟಿದ್ದೇನೆ, ಗುರುತಿನ ಚೀಟಿ ನೋಡಿಯೇ ಮಾರಿದ್ದೇನೆ, ಯಾರಿಗೂ ಮೋಸ ಮಾಡಿಲ್ಲ. ನಿಮ್ಮ ಹುಡುಗನ ವಿಷಯ ಕೇಳಿ ಸಂಕಟವಾಯಿತು. ಅದನ್ನು ಹೊಟ್ಟೆಪಾಡಿನವರ ಮೇಲೆ ಹಾಕಬೇಡಿ.

ಸಾಸ್ಕಟೂನ್ ರಾಘು:
ಕಳ್ಳದಂಧೆ ಅಂದಿರಿ, ಅದಕ್ಕೆ ಕಾರಣ ತೆರಿಗೆ. ಗ್ರಾಂಗೆ ಒಂದು ಡಾಲರ್ ಇಲ್ಲವೇ ಬೆಲೆಯ ಶೇಕಡಾ 10, ಯಾವುದು ಜಾಸ್ತಿಯೋ ಅದು. ಗ್ರಾಂ ಹತ್ತು ಡಾಲರ್ ಇರುತ್ತೆ ಅಂತ ಲೆಕ್ಕ ಹಾಕಿ ಮಾಡಿದ ನಿಯಮ. ಈಗ ಸಗಟು ಬೆಲೆ ಎಷ್ಟು ಇಳಿದಿದೆ ನೋಡಿ, ಆ ಒಂದು ಡಾಲರ್ ಹಾಗೇ ಇದೆ. ಬೆಳೆಗಾರರು ಒಬ್ಬೊಬ್ಬರಾಗಿ ಮುಳುಗುತ್ತಿದ್ದಾರೆ. ನನಗೆ ಮಾಲು ಕೊಡುತ್ತಿದ್ದ ಚಿಕ್ಕ ಬೆಳೆಗಾರನೊಬ್ಬ ದಿವಾಳಿಯಾದ. ನಾನು ಮುಂಗಡ ಕೊಟ್ಟಿದ್ದ 6,300 ಹೋಯಿತು.

ಕ್ಯಾಲ್ಗರಿ ಕಾರ್ತಿಕ್:
ಅದಕ್ಕೇ ಹೇಳಿದ್ದು. ಸಗಟು ಸರ್ಕಾರದ ಹತ್ತಿರ ಇದ್ದರೆ ಹೀಗೆ ಮುಂಗಡ ಮುಳುಗುತ್ತಿರಲಿಲ್ಲ. ಎಲ್ಲ ಖಾಸಗಿ ಅಂತ ಎದೆ ತಟ್ಟಿಕೊಂಡಿರಲ್ಲ, ಈಗ?

ಸಾಸ್ಕಟೂನ್ ರಾಘು:
ಎದೆ ತಟ್ಟಿಕೊಂಡದ್ದು ನಿಜ, ಈಗಲೂ ತಟ್ಟುತ್ತೇನೆ. 6,300 ಹೋದರೂ ಯಾರ ಅಪ್ಪಣೆಗೂ ಕಾದು ಕೂತಿಲ್ಲ. ನೀನು ಲೈಸೆನ್ಸ್ ನಿಂತಾಗ ತಿಂಗಳುಗಟ್ಟಲೆ ಕಾದವನು, ನನಗೆ ಹೇಳಬೇಡ.

ಒಟ್ಟಾವಾ ಮಲೆನಾಡಿಗ:
ಎಲ್ಲರಿಗೂ ಧನ್ಯವಾದ. ಆದರೆ ಪಾಲುದಾರಿಕೆ ಪತ್ರದ ಬಗ್ಗೆ ಯಾರೂ ಹೇಳಲಿಲ್ಲ. ಗೆಳೆಯ ಶುಕ್ರವಾರದ ಒಳಗೆ ಉತ್ತರ ಕೇಳುತ್ತಿದ್ದಾನೆ.

ಬ್ರಾಂಪ್ಟನ್ ಗೌಡ:
ಶುಕ್ರವಾರದ ಒಳಗೆ ಅಂದನಾ? ಅಲ್ಲೇ ಗೊತ್ತಾಗಲಿಲ್ಲವಾ ತಮ್ಮಾ. ನನ್ನ ಮಾಲೀಕನೂ ಹೀಗೇ ಅವಸರ ಮಾಡಿದ್ದ. ಬಾಡಿಗೆ ಕರಾರಿನಲ್ಲಿ ನಿನ್ನ ಹೆಸರಿನ ವೈಯಕ್ತಿಕ ಜಾಮೀನು ಕೇಳಿದರೆ ಎದ್ದು ಬಾ. ಮೂರು ವರ್ಷದ ಬಾಡಿಗೆ, ಟಿಎಂಐ ಎರಡೂ ಕೂಡಿಸಿ ನೋಡು, ಅದು 80,000ದ ಹೊರಗಿನ ಹೊರೆ. ಕಳೆದ ಹನ್ನೆರಡು ತಿಂಗಳ ಎಚ್‌ಎಸ್‌ಟಿ ಲೆಕ್ಕ ತೋರಿಸು ಅಂತ ಕೇಳು. ಬಾಯಿಮಾತಿನ ವಹಿವಾಟು ನಂಬಬೇಡ.

ಕ್ಯಾಲ್ಗರಿ ಕಾರ್ತಿಕ್:
ಜಾಮೀನು ಇಲ್ಲದೆ ಯಾವ ಮಾಲೀಕನೂ ಕೊಡಲ್ಲ ಗೌಡ್ರೇ. ಅದಕ್ಕೆ ಹೆದರಿದರೆ ಯಾವ ವ್ಯಾಪಾರವೂ ಆಗಲ್ಲ. ಮಲೆನಾಡಿಗರೇ, ಅಂಗಡಿಗೆ ಹೋಗಿ, ಕಪಾಟಿನಲ್ಲಿರುವ ಡಬ್ಬಿಗಳ ದಿನಾಂಕ ನೀವೇ ನೋಡಿ. ಅರ್ಧಕ್ಕರ್ಧ ಆರು ತಿಂಗಳು ಹಳೆಯದಾದರೆ ಬೇಡ ಅನ್ನಿ.

ಮಾಂಟ್ರಿಯಲ್ ಸುಮಾ:
ಅಥವಾ ಮಾಂಕ್ಟನ್‌ಗೆ ಹೋಗಿ. ಹೆಂಡತಿಯ ಕೆಲಸ ಅಲ್ಲೇ ಇದೆಯಲ್ಲ? ಅದನ್ನು ಯಾಕೆ ಯಾರೂ ಲೆಕ್ಕಕ್ಕೇ ತೆಗೆದುಕೊಳ್ಳುತ್ತಿಲ್ಲ? ಮಾಂಕ್ಟನ್‌ನಲ್ಲಿ ಫ್ರೆಂಚ್ ಮಾತಾಡುವ ಗಿರಾಕಿಗಳೂ ಜಾಸ್ತಿ, ಈಗಲೇ ಕಲಿಯಲು ಶುರು ಮಾಡಿ.

ಬ್ರಾಂಪ್ಟನ್ ಗೌಡ:
ಕಾರ್ತಿಕ್, ಜಾಮೀನು ಬರೆದುಕೊಟ್ಟು ಮನೆ ಅಡವಿಟ್ಟವನು ನಾನು. ಹೆದರಿಕೆಯ ಮಾತು ನನ್ನ ಹತ್ತಿರ ಆಡಬೇಡ.