ಅಪ್‌ಡೇಟ್: ಕೇಬಲ್ ಜಾಯಿಂಟ್ ಸ್ಲೀವ್ ಪೇಟೆಂಟ್ ಏನಾಯ್ತು

ಪುಣೆಯ ಭೋಸರಿಯಲ್ಲಿ ನಾವು ಮಾಡುವ ಎಲಾಸ್ಟಿಕ್ ಸ್ಲೀವ್‌ಗೆ (ಕೇಬಲ್ ಜೋಡಿಸಿದ ಜಾಗದ ಮೇಲೆ ಕೂರುವ ರಬ್ಬರ್ ಹೊದಿಕೆ) ಪೇಟೆಂಟ್ ಕೇಳಿದಾಗ, ಹಳೆಯ ಎರಡು ಪೇಟೆಂಟ್ ಜೋಡಿಸಿದರೆ ಇದು ಯಾರಿಗಾದರೂ ಹೊಳೆಯುತ್ತೆ ಅಂತ ಪೇಟೆಂಟ್ ಆಫೀಸಿನಿಂದ ಆಕ್ಷೇಪಣೆ ಬಂದಿತ್ತು, ಏನು ಮಾಡಲಿ ಅಂತ ಇಲ್ಲಿ ಕೇಳಿದ್ದೆ. ಆಕ್ಷೇಪಣೆ ಬಿಟ್ಟರು!

ಮಾರಾಟ ಚೆನ್ನಾಗಿದೆ ಅಂತ ತೋರಿಸಿ ಅಂತ ಕೆಲವರು ಅಂದಿದ್ರಲ್ಲ, ಅದು ನಡೆಯಲಿಲ್ಲ. ಪೇಟೆಂಟ್ ಕಾಯ್ದೆಯ ಸೆಕ್ಷನ್ 2(1)(ಜೆಎ) ಪ್ರಕಾರ ಆರ್ಥಿಕ ಮಹತ್ವ ಇದ್ದರೂ, ಕಸುಬು ಬಲ್ಲವರಿಗೆ ಸುಲಭವಾಗಿ ಹೊಳೆಯುವಂತಿರಬಾರದು. ಇದು ನನಗೆ ಹೊಸ ವಿಷಯ.

ಕೆಲಸ ಮಾಡಿದ್ದು 'ಎರಡನ್ನೂ ಯಾಕೆ ಜೋಡಿಸ್ತಾರೆ ಅಂತ ಕೇಳಿ' ಅನ್ನುವ ಸಲಹೆ. ಒಂದು ಪೇಟೆಂಟ್‌ನಲ್ಲಿ ರಬ್ಬರನ್ನು ಮೊದಲೇ ಹಿಗ್ಗಿಸಿ ಕೊಳವೆ ಮೇಲೆ ಕೂರಿಸ್ತಾರೆ, ಕೊಳವೆ ಎಳೆದರೆ ಅದು ಕೇಬಲ್ ಮೇಲೆ ಕುಗ್ಗಿ ಕೂರುತ್ತೆ; ಇನ್ನೊಂದರಲ್ಲಿ ಎರಡು ಪದರ ಇದೆ, ಆದರೆ ಕುಗ್ಗೋದು ಬಿಸಿ ಮಾಡಿದಾಗ. ಜಾಸ್ತಿ ಕಾಲ ಹಿಗ್ಗಿಸಿಟ್ಟರೆ ಹೊರಪದರ ಸಡಿಲವಾಗುವ ತೊಂದರೆ ಎರಡನೆಯದರಲ್ಲಿ ಇಲ್ಲವೇ ಇಲ್ಲ, ನಮ್ಮ ಪರಿಹಾರ ಇರೋದೇ ಅದಕ್ಕೆ. ಟೆಸ್ಟ್ ರಿಪೋರ್ಟ್ ಕೊಟ್ಟು ಕ್ಲೇಮನ್ನೂ (ಯಾವುದಕ್ಕೆ ಹಕ್ಕು ಬೇಕು ಅಂತ ಅರ್ಜಿಯಲ್ಲಿ ಬರೆಯೋ ಭಾಗ) ಅಷ್ಟಕ್ಕೇ ಸೀಮಿತ ಮಾಡಿದೆವು.

ಆಕ್ಷೇಪಣೆಗೆ ಉತ್ತರ ಕೊಡೋಕೆ 6 ತಿಂಗಳು ಇರುತ್ತೆ, ಟೆಸ್ಟ್ ಮೊದಲೇ ಶುರು ಮಾಡಿ.